ಸಚಿವರಾಗದೆ ಶಿಕ್ಷಣದ ಹೊಣೆ ಹೊತ್ತ ದಿನಕರ ದೇಸಾಯಿ

ಅಂಕೋಲಾ: ನಾಲ್ಕು ಸಾಲಿನ ಚುಟುಕಗಳಿಂದ ಕನ್ನಡ ನಾಡಿನಾದ್ಯಂತ ಮನೆಮಾತಾದ ದಿನಕರ ದೇಸಾಯಿ ಅವರನ್ನು ಉತ್ತರ ಕನ್ನಡ ಜಿಲ್ಲೆಯ ಜನ ನೆನೆಯುವುದು ಮುಖ್ಯವಾಗಿ ಮತ್ತೊಂದು ಕಾರಣಕ್ಕೆ. ಕಾರವಾರ, ಅಂಕೋಲಾ, ಭಟ್ಕಳ, ದಾಂಡೇಲಿಗಳ ಸಾವಿರಾರು ಕುಟುಂಬಗಳಲ್ಲಿ ಮೊದಲ ಬಾರಿಗೆ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮಗು ಅವರು ಕಟ್ಟಿದ ಶಾಲೆಯ ವಿದ್ಯಾರ್ಥಿ. ಗೇಣಿ ಕಟ್ಟುವ ರೈತನ ಮಗ, ಮೀನು ಮಾರುವ ಮಹಿಳೆಯ ಮಗಳು ಊರು ಬಿಡದೆ ಎಸ್ಸೆಸ್ಸೆಲ್ಸಿ ಮುಗಿಸಲು, ಮುಂದೆ ಪದವಿಯನ್ನೂ ಪಡೆಯಲು ಸಾಧ್ಯವಾದದ್ದರ ಹಿಂದೆ 1953ರಲ್ಲಿ ಅಂಕೋಲೆಯಲ್ಲಿ ಆರಂಭವಾದ ಕೆನರಾ ವೆಲ್‌ಫೇರ್ ಟ್ರಸ್ಟಿನ ಪಾಲು ದೊಡ್ಡದು.

ದೇಸಾಯಿ ಅವರು ಎಂದೂ ಮಂತ್ರಿಯಾಗಲಿಲ್ಲ. ಒಂದು ಅವಧಿಗೆ ಮಾತ್ರ, 1967ರಿಂದ 1971ರವರೆಗೆ, ಪಕ್ಷೇತರ ಸದಸ್ಯರಾಗಿ ಲೋಕಸಭೆಯಲ್ಲಿದ್ದರು. ಅದೇ ಸದನದಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಅವರು 1969ರ ಫೆಬ್ರವರಿಯಿಂದ 1971ರ ಮಾರ್ಚ್‌ವರೆಗೆ ಕೇಂದ್ರ ಶಿಕ್ಷಣ ಸಚಿವರಾಗಿದ್ದರು. ಒಬ್ಬರು ದೇಶದ ಶಿಕ್ಷಣ ಖಾತೆಯನ್ನು ದೆಹಲಿಯಿಂದ ನಿರ್ವಹಿಸಿದರೆ, ಇನ್ನೊಬ್ಬರು ಒಂದು ಜಿಲ್ಲೆಯ ಹಳ್ಳಿಗಳಲ್ಲಿ ಶಾಲೆ ಕಟ್ಟುತ್ತಿದ್ದರು. ಈ ದೇಶದಲ್ಲಿ ಶಿಕ್ಷಣದ ಹೊಣೆ ನಿಜವಾಗಿ ಯಾರ ಮೇಲೆ ಬಿತ್ತು ಎಂಬುದನ್ನು ತಿಳಿಯಲು ದೇಸಾಯಿ ಅವರ ಬದುಕು ಒಳ್ಳೆಯ ದಾಖಲೆ.

ಶಿಕ್ಷಕರ ಮಗ

ದಿನಕರ ದತ್ತಾತ್ರೇಯ ದೇಸಾಯಿ ಅವರು 1909ರ ಸೆಪ್ಟೆಂಬರ್ 10ರಂದು ಅಂಕೋಲಾ ತಾಲ್ಲೂಕಿನಲ್ಲಿ ಜನಿಸಿದರು. ತಂದೆ ದತ್ತಾತ್ರೇಯ ಅವರು ಶಾಲಾ ಶಿಕ್ಷಕರು. ಅಂಕೋಲಾ ಮತ್ತು ಕಾರವಾರಗಳಲ್ಲಿ ಶಾಲಾ ವಿದ್ಯಾಭ್ಯಾಸ ಮುಗಿಸಿದ ದಿನಕರರು ಬೆಂಗಳೂರು, ಮೈಸೂರುಗಳಲ್ಲಿ ಕಾಲೇಜು ಓದಿ, ಮುಂಬಯಿಯಲ್ಲಿ ಎಂ.ಎ. ಹಾಗೂ ಕಾನೂನು ಪದವಿ ಪಡೆದರು.

ಈ ಪ್ರಯಾಣದಲ್ಲೇ ಅಂದಿನ ಉತ್ತರ ಕನ್ನಡದ ಸ್ಥಿತಿ ಅಡಗಿದೆ. ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಕಾರವಾರ ಜಿಲ್ಲಾ ಕೇಂದ್ರವಾಗಿದ್ದರೂ ಪ್ರಾಂತ್ಯದ ರಾಜಧಾನಿಯಿಂದ ಬಹಳ ದೂರ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಕರಾವಳಿಯನ್ನು ತುಂಡು ತುಂಡಾಗಿ ವಿಭಜಿಸಿದ್ದವು. ಪೂರ್ವಕ್ಕೆ ಸಹ್ಯಾದ್ರಿಯ ದಟ್ಟ ಕಾಡು, ಪಶ್ಚಿಮಕ್ಕೆ ಸಮುದ್ರ. ಒಂದು ಊರಿನ ಮಗು ಪಕ್ಕದ ಊರಿನ ಶಾಲೆಗೆ ಹೋಗಬೇಕಾದರೆ ಎಷ್ಟೋ ಕಡೆ ದೋಣಿ ಹತ್ತಬೇಕಿತ್ತು. ಹೈಸ್ಕೂಲುಗಳು ದೊಡ್ಡ ಊರುಗಳಿಗೆ ಸೀಮಿತವಾಗಿದ್ದವು. ಕಾಲೇಜು ಓದುವ ಆಸೆಯುಳ್ಳವರು ಘಟ್ಟ ಹತ್ತಿ ಧಾರವಾಡಕ್ಕೋ ಸಮುದ್ರಮಾರ್ಗವಾಗಿ ಮುಂಬಯಿಗೋ ಹೋಗಬೇಕಿತ್ತು. ಅನುಕೂಲವಿದ್ದ ಮನೆಗಳ ಮಕ್ಕಳು ಹೋದರು. ಉಳಿದವರು ಹೊಲಕ್ಕೆ, ದೋಣಿಗೆ, ಕಾಡಿನ ಕೂಲಿಗೆ ಹೋದರು.

ದೇಸಾಯಿ ಅವರು ಒಳ್ಳೆಯ ವಿದ್ವಾಂಸರೂ ಆಗಿದ್ದರು. ಕಲ್ಯಾಣಿ ಚಾಲುಕ್ಯರ ಅಧೀನದಲ್ಲಿದ್ದ ಮಹಾಮಂಡಲೇಶ್ವರರನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಸಂಶೋಧನ ಗ್ರಂಥ 1951ರಲ್ಲಿ ಮುಂಬಯಿಯಲ್ಲಿ ಪ್ರಕಟವಾಯಿತು. ಇತಿಹಾಸದ ಅಧ್ಯಾಪಕರಾಗಿಯೋ ವಕೀಲರಾಗಿಯೋ ನೆಮ್ಮದಿಯ ಜೀವನ ನಡೆಸುವ ಅರ್ಹತೆ ಅವರಿಗಿತ್ತು. ಅವರು ಆರಿಸಿಕೊಂಡದ್ದು ಭಾರತ ಸೇವಕ ಸಮಾಜದ ಸದಸ್ಯತ್ವವನ್ನು.

ಗೋಖಲೆ ಅವರ ಸೋತ ಮಸೂದೆ

ಭಾರತ ಸೇವಕ ಸಮಾಜವನ್ನು ಗೋಪಾಲಕೃಷ್ಣ ಗೋಖಲೆ ಅವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದರು. ಸದಸ್ಯರಾಗುವವರು ಸ್ವಂತಕ್ಕಾಗಿ ಹಣ ಸಂಪಾದಿಸುವುದಿಲ್ಲ, ಸಮಾಜ ಕೊಡುವಷ್ಟರಲ್ಲಿ ಜೀವನ ಸಾಗಿಸುತ್ತೇವೆ ಎಂದು ಪ್ರತಿಜ್ಞೆ ಕೈಗೊಳ್ಳಬೇಕಿತ್ತು. ಕಾರ್ಮಿಕ ನಾಯಕ ಎನ್.ಎಂ. ಜೋಶಿ, ಸಮಾಜಸೇವಕ ಠಕ್ಕರ್ ಬಾಪಾ ಅಂಥವರು ಈ ಸಂಸ್ಥೆಯಲ್ಲಿ ದುಡಿದವರು.

ದೇಸಾಯಿ ಅವರ ಶಿಕ್ಷಣ ಕಾರ್ಯದ ಬೇರು ಇಲ್ಲಿದೆ. ಗೋಖಲೆ ಅವರು 1911ರ ಮಾರ್ಚ್‌ನಲ್ಲಿ ಸಾಮ್ರಾಜ್ಯ ಶಾಸನ ಪರಿಷತ್ತಿನಲ್ಲಿ ಪ್ರಾಥಮಿಕ ಶಿಕ್ಷಣ ಮಸೂದೆಯನ್ನು ಮಂಡಿಸಿದರು. ಅದರ ಬೇಡಿಕೆ ಬಹಳ ವಿನಯದ್ದು. ಈಗಾಗಲೇ ಸಾಕಷ್ಟು ಮಕ್ಕಳು ಶಾಲೆಗೆ ಬರುತ್ತಿರುವ ಪ್ರದೇಶಗಳಲ್ಲಿ, ಸ್ಥಳೀಯ ಸಂಸ್ಥೆಗಳು ಇಚ್ಛಿಸಿದಲ್ಲಿ, 6ರಿಂದ 10 ವರ್ಷದ ಬಾಲಕರಿಗೆ ಶಿಕ್ಷಣವನ್ನು ಕಡ್ಡಾಯಗೊಳಿಸಬಹುದು ಎಂಬುದಷ್ಟೇ ಅದರ ಸಾರ. ಅಷ್ಟನ್ನೂ ಒಪ್ಪದ ಪರಿಷತ್ತು 1912ರಲ್ಲಿ 38 ಮತಗಳಿಂದ ಅದನ್ನು ತಿರಸ್ಕರಿಸಿತು. ಪರವಾಗಿ ಬಿದ್ದ ಮತಗಳು 13. ಖರ್ಚು ಹೆಚ್ಚು, ಜನ ಸಿದ್ಧರಿಲ್ಲ ಎಂಬುದು ಸರ್ಕಾರದ ಪಕ್ಷದವರ ವಾದ. ಶಾಲೆಗೆ ಹೋಗುವ ಮಕ್ಕಳು ಹೊಲದ ಕೆಲಸಕ್ಕೆ ಸಿಗುವುದಿಲ್ಲವೆಂಬ ಭೂಮಾಲೀಕರ ಭಯವೂ ಅದರ ಹಿಂದಿತ್ತು. ಗೋಖಲೆ ಅವರು 1915ರಲ್ಲಿ ತೀರಿಕೊಂಡರು.

ಸೋತ ಆ ಮಸೂದೆಯ ಉದ್ದೇಶವನ್ನು ಸಮಾಜದ ಕಿರಿಯ ತಲೆಮಾರು ಕೈಬಿಡಲಿಲ್ಲ. 1930ರ ದಶಕದ ಕೊನೆಯಲ್ಲಿ ದೇಸಾಯಿ ಅವರು ಭಾರತದ ಪ್ರಾಥಮಿಕ ಶಿಕ್ಷಣವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಸಮಾಜವೇ ಅದನ್ನು ಪ್ರಕಟಿಸಿತು. ಪುಸ್ತಕ ಬರೆಯುವ ಹೊತ್ತಿಗೆ ಅವರ ವಯಸ್ಸು 30ರ ಆಸುಪಾಸು. ಶಾಲೆ ಕಟ್ಟುವ ಕೆಲಸಕ್ಕೆ ಕೈಹಾಕಲು ಇನ್ನೂ ಸುಮಾರು 15 ವರ್ಷ ಬಾಕಿಯಿತ್ತು.

ಹಡಗಿನ ಆಳುಗಳ ನಡುವೆ

ಮುಂಬಯಿಯಲ್ಲಿ ಅವರ ಕಾರ್ಯಕ್ಷೇತ್ರ ಬಂದರು. ಕೊಂಕಣ, ಗೋವೆ, ಕಾರವಾರಗಳಿಂದ ಹೋದ ಸಾವಿರಾರು ಜನ ಬ್ರಿಟಿಷ್ ಕಂಪೆನಿಗಳ ಹಡಗುಗಳಲ್ಲಿ ಕಲ್ಲಿದ್ದಲು ಸುರಿಯುವವರಾಗಿ, ಅಡುಗೆಯವರಾಗಿ, ಡೆಕ್ಕಿನ ಆಳುಗಳಾಗಿ ದುಡಿಯುತ್ತಿದ್ದರು. ನೇಮಕಾತಿ ಮಧ್ಯವರ್ತಿಗಳ ಕೈಯಲ್ಲಿತ್ತು. ಕೆಲಸ ಬೇಕಾದವನು ಸಾರಂಗನಿಗೂ ದಲ್ಲಾಳಿಗೂ ಲಂಚ ಕೊಡಬೇಕಿತ್ತು. ಒಂದು ಯಾನ ಮುಗಿಸಿ ಬಂದವನಿಗೆ ಮತ್ತೆ ಕೆಲಸ ಸಿಗುವವರೆಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಯುವ ಪಾಡು. ಆ ಅವಧಿಯ ಸಾಲ ತೀರಿಸಲು ಮುಂದಿನ ಸಂಬಳ ಹೋಗುತ್ತಿತ್ತು. 1931ರಲ್ಲಿ ವರದಿ ನೀಡಿದ ರಾಯಲ್ ಕಾರ್ಮಿಕ ಆಯೋಗವೂ ಈ ನೇಮಕಾತಿ ಪದ್ಧತಿಯ ದೋಷಗಳನ್ನು ಗುರುತಿಸಿತ್ತು.

ದೇಸಾಯಿ ಅವರು ನಾವಿಕರ ಸಂಘಟನೆಯಲ್ಲಿ ತೊಡಗಿದರು. ಭಾರತದ ನಾವಿಕ ಕಾರ್ಮಿಕರ ಸ್ಥಿತಿಗತಿಯನ್ನು ಕುರಿತು ಅವರು ಬರೆದ ಇಂಗ್ಲಿಷ್ ಪುಸ್ತಕ ಈ ವಿಷಯದ ಆರಂಭದ ಅಧ್ಯಯನಗಳಲ್ಲೊಂದು. ಬಂದರಿನ ಅನುಭವ ಅವರಿಗೆ ಒಂದು ಪಾಠ ಕಲಿಸಿತೆನ್ನಬಹುದು. ಓದು ಬರಹ ಬಾರದ ಮನುಷ್ಯ ತಾನು ಹೆಬ್ಬೆಟ್ಟು ಒತ್ತುವ ಕರಾರಿನಲ್ಲಿ ಏನಿದೆಯೆಂದು ತಿಳಿಯಲಾರ. ದಲ್ಲಾಳಿಯ ಲೆಕ್ಕವನ್ನು ಪ್ರಶ್ನಿಸಲಾರ. ಊರಿನ ಗೇಣಿದಾರನ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ.

ರೈತರ ಸಂಘಟನೆ, ಐದು ವರ್ಷ ಗಡೀಪಾರು

ಅಂಕೋಲಾ ಸ್ವಾತಂತ್ರ್ಯ ಹೋರಾಟಕ್ಕೆ ಹೆಸರಾದ ತಾಲ್ಲೂಕು. 1930ರ ಏಪ್ರಿಲ್‌ನಲ್ಲಿ ಇಲ್ಲಿ ನಡೆದ ಉಪ್ಪಿನ ಸತ್ಯಾಗ್ರಹ, ಅನಂತರದ ಕರನಿರಾಕರಣೆ ಚಳವಳಿಗಳಿಂದಾಗಿ ಕರ್ನಾಟಕದ ಬಾರ್ಡೋಲಿ ಎಂಬ ಕೀರ್ತಿ ಅದಕ್ಕಿದೆ. ಕರ ಕೊಡಲು ನಿರಾಕರಿಸಿದ ಕುಟುಂಬಗಳು ಭೂಮಿ, ಮನೆ, ಪಾತ್ರೆ ಪಗಡಿ ಕಳೆದುಕೊಂಡವು. ಆದರೆ ಕರ ಕೊಡಬೇಕಾದ ಭೂಮಿಯೇ ಇಲ್ಲದವರ ಸಂಖ್ಯೆ ತಾಲ್ಲೂಕಿನಲ್ಲಿ ದೊಡ್ಡದಿತ್ತು.

ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು ಮೊದಲಾದ ಸಮುದಾಯಗಳ ಬಹುಪಾಲು ರೈತರು ಚಾಲಗೇಣಿಗೆ ಭೂಮಿ ಉಳುತ್ತಿದ್ದರು. ಚಾಲಗೇಣಿ ಎಂದರೆ ಧಣಿ ಮನಸ್ಸು ಬದಲಿಸಿದ ದಿನ ಬಿಟ್ಟುಕೊಡಬೇಕಾದ ಭೂಮಿ. ಬೆಳೆದ ಭತ್ತದ ದೊಡ್ಡ ಪಾಲು ಧಣಿಯ ಕಣಜಕ್ಕೆ ಹೋಗುತ್ತಿತ್ತು. ಅದರ ಮೇಲೆ ಬಿಟ್ಟಿ ಚಾಕರಿ ಬೇರೆ. ಹಳೆಯ ಸಾಲದ ಲೆಕ್ಕ ಧಣಿಯ ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು.

ದೇಸಾಯಿ ಅವರು ಊರಿಗೆ ಬಂದು ರೈತರನ್ನು ಸಂಘಟಿಸಿದರು. ಗೇಣಿ ಇಳಿಸಬೇಕು, ಒಕ್ಕಲೆಬ್ಬಿಸುವುದು ನಿಲ್ಲಬೇಕು, ಬಿಟ್ಟಿ ಕೆಲಸ ಕೊನೆಯಾಗಬೇಕು, ಉಳುವವನಿಗೆ ಭೂಮಿಯ ಹಕ್ಕು ಬರಬೇಕು ಎಂಬುದು ರೈತಕೂಟದ ಬೇಡಿಕೆಗಳು. ಧಣಿಗಳಿಗೆ ಇದು ಸಹ್ಯವಾಗಲಿಲ್ಲ. ಜಾಗತಿಕ ಯುದ್ಧದ ಸಮಯದಲ್ಲಿ ಹಳ್ಳಿಗಳಲ್ಲಿ ಗಲಭೆಯಾದೀತೆಂದು ಬ್ರಿಟಿಷ್ ಆಡಳಿತವೂ ಶಂಕಿಸಿತು. 1940ರಲ್ಲಿ ದೇಸಾಯಿ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಲಾಯಿತು. ಹುಟ್ಟಿದ ಜಿಲ್ಲೆಯೊಳಗೆ ಕಾಲಿಡಲಾಗದ ಸ್ಥಿತಿ ಐದು ವರ್ಷ ಮುಂದುವರಿಯಿತು.

ಆ ಹೋರಾಟದ ಫಲ ತಡವಾಗಿ, ತುಣುಕು ತುಣುಕಾಗಿ ಬಂತು. 1948ರ ಮುಂಬಯಿ ಗೇಣಿ ಕಾಯ್ದೆ, ರಾಜ್ಯ ಪುನರ್ವಿಂಗಡಣೆಯ ನಂತರ 1961ರ ಮೈಸೂರು ಭೂಸುಧಾರಣೆ ಕಾಯ್ದೆ, ಕೊನೆಗೆ ದೇವರಾಜ ಅರಸು ಸರ್ಕಾರದ 1974ರ ತಿದ್ದುಪಡಿ. ಭೂನ್ಯಾಯಮಂಡಳಿಗಳು ಗೇಣಿದಾರರ ಅರ್ಜಿಗಳನ್ನು ವಿಚಾರಣೆ ನಡೆಸಿ ಭೂಮಿಯ ಹಕ್ಕು ಕೊಡುವುದನ್ನು ದೇಸಾಯಿ ಅವರು ತಮ್ಮ ಜೀವಿತಕಾಲದಲ್ಲೇ ಕಂಡರು. ಅರ್ಜಿ ತುಂಬಲು, ಪಹಣಿ ಓದಲು, ಮಂಡಳಿಯ ಮುಂದೆ ನಿಂತು ಉತ್ತರಿಸಲು ಆ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಹೈಸ್ಕೂಲು ಕಲಿತ ಮಗನೋ ಮಗಳೋ ಇದ್ದರು ಎಂಬುದು ಗಮನಾರ್ಹ.

1953ರ ಟ್ರಸ್ಟ್

ಸ್ವತಂತ್ರ ಭಾರತದ ಸಂವಿಧಾನ 1950ರಲ್ಲಿ ಜಾರಿಗೆ ಬಂದಾಗ ಅದರ 45ನೇ ವಿಧಿ ಒಂದು ಗಡುವು ವಿಧಿಸಿತ್ತು. 10 ವರ್ಷಗಳೊಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ದೊರಕಿಸಲು ಸರ್ಕಾರ ಯತ್ನಿಸಬೇಕೆಂಬುದು ಅದರ ಆಶಯ. 1951ರ ಜನಗಣತಿಯ ಪ್ರಕಾರ ದೇಶದ ಸಾಕ್ಷರತೆ ಶೇ 18ರಷ್ಟು. 1960 ಬಂತು, ಹೋಯಿತು. ಗಡುವು ಪೂರೈಸಲಿಲ್ಲ.

ಅಂಕೋಲೆಯಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ 1953ರಲ್ಲಿ ಆರಂಭವಾದದ್ದು ಈ ಹಿನ್ನೆಲೆಯಲ್ಲಿ. ಮುಂಬಯಿ ಕರ್ನಾಟಕದಲ್ಲಿ ಖಾಸಗಿ ಶಿಕ್ಷಣ ಸಂಸ್ಥೆಗಳ ಪರಂಪರೆ ಹೊಸದೇನಲ್ಲ. ವಿಜಾಪುರದ ಬಿ.ಎಲ್.ಡಿ.ಇ. 1910ರಲ್ಲಿ, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ 1916ರಲ್ಲಿ ಆರಂಭವಾಗಿದ್ದವು. ಅವುಗಳ ಹಿಂದೆ ದೊಡ್ಡ ಸಮುದಾಯದ ಬೆಂಬಲ, ದಾನಿಗಳ ಔದಾರ್ಯ ಇದ್ದವು. ದೇಸಾಯಿ ಅವರ ಟ್ರಸ್ಟಿನ ಹೆಸರಿನಲ್ಲಿ ಜಿಲ್ಲೆಯ ಗುರುತು ಬಿಟ್ಟರೆ ಬೇರೆ ಗುರುತಿರಲಿಲ್ಲ. ಶಾಲೆಗಳಿಗೆ ಇಟ್ಟ ಹೆಸರುಗಳನ್ನು ನೋಡಿದರೂ ಇದು ಸ್ಪಷ್ಟವಾಗುತ್ತದೆ. ಅಂಕೋಲೆಯದು ಪೀಪಲ್ಸ್ ಹೈಸ್ಕೂಲ್. ಶಿರಾಲಿಯಲ್ಲಿ, ದಾಂಡೇಲಿಯಲ್ಲಿ ಜನತಾ ವಿದ್ಯಾಲಯ. ಶಾಲೆ ಯಾರಿಗಾಗಿ ಎಂಬುದನ್ನು ಫಲಕವೇ ಹೇಳುತ್ತಿತ್ತು.

ಇಂಥ ಶಾಲೆಗಳು ನಡೆಯುವ ಬಗೆ ತಿಳಿದರೆ ಈ ಕೆಲಸದ ಭಾರ ಅರ್ಥವಾಗುತ್ತದೆ. ಅನುದಾನಿತ ಶಾಲೆಯಲ್ಲಿ ಶಿಕ್ಷಕರ ಸಂಬಳದ ಹೊಣೆಯನ್ನು ಸರ್ಕಾರ ಅನುದಾನದ ರೂಪದಲ್ಲಿ ಹೊರುತ್ತದೆ. ಆದರೆ ಆ ಅನುದಾನ ಮೊದಲ ದಿನವೇ ಬರುವುದಿಲ್ಲ. ಮೊದಲು ಜಾಗ ಬೇಕು, ಕಟ್ಟಡ ಬೇಕು, ಬೆಂಚು, ಕಪ್ಪು ಹಲಗೆ, ಪ್ರಯೋಗಶಾಲೆ ಬೇಕು. ಇಲಾಖೆಯ ತಪಾಸಣೆ ನಡೆದು ಮಾನ್ಯತೆ ಸಿಗಬೇಕು. ಅಲ್ಲಿಯವರೆಗಿನ ಖರ್ಚು ಸಂಸ್ಥೆಯದೇ. ಭತ್ತವೇ ಸಂಪಾದನೆಯಾದ ಹಳ್ಳಿಗಳಲ್ಲಿ ಇಷ್ಟನ್ನು ಹೊಂದಿಸುವುದು ಸುಲಭವಲ್ಲ. ಊರಿನವರು ಕೊಟ್ಟ ಜಾಗ, ಶ್ರಮ, ಸಣ್ಣ ವಂತಿಗೆ, ಮುಂಬಯಿಯ ಪರಿಚಿತರಿಂದ ದೇಸಾಯಿ ಅವರು ಎತ್ತಿದ ದೇಣಿಗೆ ಇವುಗಳ ಮೇಲೆ ಸಂಸ್ಥೆ ಬೆಳೆಯಿತು. ಸ್ವಂತಕ್ಕೆ ಹಣ ಗಳಿಸುವುದಿಲ್ಲವೆಂಬ ಪ್ರತಿಜ್ಞೆ ಇಲ್ಲಿ ನೆರವಿಗೆ ಬಂತು. ದೇಣಿಗೆ ಕೇಳಲು ಬಂದವರ ಪ್ರಾಮಾಣಿಕತೆಯ ಬಗ್ಗೆ ದಾನಿಗಳಿಗೆ ಸಂದೇಹವಿರಲಿಲ್ಲ.

ಜಿಲ್ಲೆಯ ಭಾಷಾ ಸ್ಥಿತಿಯೂ ಸರಳವಾಗಿರಲಿಲ್ಲ. ಕಾರವಾರ ಭಾಗದ ಮನೆಗಳಲ್ಲಿ ಕೊಂಕಣಿ, ಕೆಲವೆಡೆ ಮರಾಠಿ. ಅಂಕೋಲೆಯ ಹಳ್ಳಿಗಳಲ್ಲಿ ಹಾಲಕ್ಕಿ ಕನ್ನಡ, ನಾಡವರ ಕನ್ನಡ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಕಾರವಾರ ಭಾಗದ ಮೇಲೆ ಮಹಾರಾಷ್ಟ್ರ ಹಕ್ಕು ಸಾಧಿಸುತ್ತಲೇ ಇತ್ತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗದ ಮುಂದೆಯೂ ಈ ಪ್ರಶ್ನೆ ಬಂತು. ಇಂಥ ಗಡಿಜಿಲ್ಲೆಯಲ್ಲಿ ಹಳ್ಳಿ ಹಳ್ಳಿಗೆ ಬಂದ ಕನ್ನಡ ಮಾಧ್ಯಮದ ಹೈಸ್ಕೂಲುಗಳು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ.

ಗೋಖಲೆ ಅವರ ಜನ್ಮಶತಮಾನದ ವರ್ಷ 1966. ಆ ವರ್ಷ ಅಂಕೋಲೆಯಲ್ಲಿ ಟ್ರಸ್ಟ್ ತೆರೆದ ಕಾಲೇಜಿಗೆ ಗೋಖಲೆ ಸೆಂಟಿನರಿ ಕಾಲೇಜು ಎಂದು ಹೆಸರಾಯಿತು. ಪದವಿಗಾಗಿ ಘಟ್ಟ ಹತ್ತಬೇಕಿದ್ದ ತಾಲ್ಲೂಕಿನ ಮಕ್ಕಳಿಗೆ, ಅದರಲ್ಲೂ ಪರಸ್ಥಳಕ್ಕೆ ಕಳಿಸಲು ಮನೆಯವರು ಒಪ್ಪದ ಹೆಣ್ಣುಮಕ್ಕಳಿಗೆ, ಕರ್ನಾಟಕ ವಿಶ್ವವಿದ್ಯಾಲಯದ ತರಗತಿ ಊರ ಬಾಗಿಲಿಗೆ ಬಂತು. ಕಾರವಾರದ ದಿವೇಕರ ವಾಣಿಜ್ಯ ಕಾಲೇಜು, ದಾಂಡೇಲಿಯ ಬಂಗೂರನಗರ ಕಾಲೇಜುಗಳೂ ಇದೇ ಟ್ರಸ್ಟಿನ ಆಶ್ರಯದಲ್ಲಿ ನಡೆದುಬಂದಿವೆ.

ದೆಹಲಿಯಲ್ಲಿ ನಾಲ್ಕು ವರ್ಷ

1952ರಿಂದ ಮೂರು ಚುನಾವಣೆಗಳಲ್ಲಿ ಕೆನರಾ ಲೋಕಸಭಾ ಕ್ಷೇತ್ರವನ್ನು ಗೆದ್ದವರು ಕಾಂಗ್ರೆಸ್ಸಿನ ಜೋಕಿಂ ಆಳ್ವ. 1967ರಲ್ಲಿ ದೇಸಾಯಿ ಅವರು ಪಕ್ಷೇತರರಾಗಿ ನಿಂತು ಗೆದ್ದರು. ರಾಜ್ಯದ 27 ಸ್ಥಾನಗಳ ಪೈಕಿ 18 ಕಾಂಗ್ರೆಸ್ಸಿಗೆ ಬಂದ ಚುನಾವಣೆಯದು. ಪಕ್ಷದ ಬಲವಿಲ್ಲದ ಅಭ್ಯರ್ಥಿಯ ಗೆಲುವಿಗೆ ರೈತ ಹೋರಾಟದ ನೆನಪು ಮತ್ತು ಶಾಲೆಗಳ ಜಾಲ ಎರಡೂ ಕಾರಣವಾದವು.

ಅವರು ಲೋಕಸಭೆಯಲ್ಲಿದ್ದ ಅವಧಿ ದೇಶದ ಶಿಕ್ಷಣದ ಇತಿಹಾಸದಲ್ಲಿ ಮಹತ್ವದ್ದು. ಡಿ.ಎಸ್. ಕೊಠಾರಿ ಆಯೋಗ 1966ರಲ್ಲಿ ವರದಿ ಸಲ್ಲಿಸಿತ್ತು. ನೆರೆಹೊರೆಯ ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯುವ ಸಮಾನ ಶಾಲಾ ವ್ಯವಸ್ಥೆ, ಶಿಕ್ಷಣಕ್ಕೆ ರಾಷ್ಟ್ರೀಯ ವರಮಾನದ ಶೇ 6ರಷ್ಟು ವೆಚ್ಚ ಮೊದಲಾದವು ಅದರ ಶಿಫಾರಸುಗಳು. ತ್ರಿಗುಣ ಸೇನ್ ಅವರು ಶಿಕ್ಷಣ ಸಚಿವರಾಗಿದ್ದಾಗ, 1968ರಲ್ಲಿ, ಇದರ ಆಧಾರದ ಮೇಲೆ ದೇಶದ ಮೊದಲ ರಾಷ್ಟ್ರೀಯ ಶಿಕ್ಷಣ ನೀತಿ ಪ್ರಕಟವಾಯಿತು.

ಅವರ ನಂತರ ಖಾತೆ ವಹಿಸಿಕೊಂಡವರು ಬಳ್ಳಾರಿ ಕ್ಷೇತ್ರದಿಂದ ಆರಿಸಿಬಂದಿದ್ದ ವಿ.ಕೆ.ಆರ್.ವಿ. ರಾವ್. ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು, ಭಾರತದ ರಾಷ್ಟ್ರೀಯ ವರಮಾನವನ್ನು ಲೆಕ್ಕಹಾಕಿ ಹೆಸರಾದ ಅರ್ಥಶಾಸ್ತ್ರಜ್ಞರು. 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರು, ದೆಹಲಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ದೇಸಾಯಿ ಅವರಿಗಿಂತ ಒಂದು ವರ್ಷ ಹಿರಿಯರು. ಅವರ ಎರಡು ವರ್ಷದ ಅವಧಿಯ ಕೆಲಸಗಳಲ್ಲಿ ಕೆಲವು ಇಂದಿಗೂ ಉಳಿದಿವೆ. 1969ರ ಜುಲೈ 17ರಂದು ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಆರಂಭವಾಯಿತು. ಅದೇ ವರ್ಷದ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆ ದೊರೆಯಿತು. ಸಮಾಜವಿಜ್ಞಾನ ಸಂಶೋಧನ ಮಂಡಳಿ ಸ್ಥಾಪನೆಯಾದದ್ದೂ 1969ರಲ್ಲೇ.

ಸಚಿವರ ಅಧಿಕಾರದ ಮಿತಿ

ಇಷ್ಟೆಲ್ಲ ಮಾಡಬಲ್ಲ ಕೇಂದ್ರ ಶಿಕ್ಷಣ ಸಚಿವರಿಗೆ ಅಂಕೋಲೆಯ ಒಂದು ಹಳ್ಳಿಯಲ್ಲಿ ಒಂದು ಪ್ರಾಥಮಿಕ ಶಾಲೆ ತೆರೆಯುವ ಅಧಿಕಾರವಿರಲಿಲ್ಲ. ಶಿಕ್ಷಣ ಅಂದು ರಾಜ್ಯಪಟ್ಟಿಯ ವಿಷಯ. ಕೇಂದ್ರದ ಪಾಲಿಗಿದ್ದದ್ದು ಕೇಂದ್ರೀಯ ವಿಶ್ವವಿದ್ಯಾಲಯಗಳು, ರಾಷ್ಟ್ರೀಯ ಮಹತ್ವದ ಸಂಸ್ಥೆಗಳು, ಉನ್ನತ ಶಿಕ್ಷಣದ ಮಟ್ಟವನ್ನು ಕಾಪಾಡುವ ಹೊಣೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಮೂಲಕ ಹಣ ಹಂಚುವುದು, ನೀತಿ ರೂಪಿಸುವುದು, ರಾಜ್ಯಗಳ ಶಿಕ್ಷಣ ಸಚಿವರನ್ನು ಒಂದೆಡೆ ಸೇರಿಸಿ ಒಪ್ಪಿಸುವುದು ಸಚಿವರ ಕೆಲಸವಾಗಿತ್ತು. 45ನೇ ವಿಧಿಯ ಭರವಸೆ ಇಡೀ ದೇಶದ್ದಾದರೂ ಅದನ್ನು ಪೂರೈಸುವ ಖರ್ಚು ರಾಜ್ಯಗಳ ಬೊಕ್ಕಸದ್ದು. 42ನೇ ತಿದ್ದುಪಡಿಯಿಂದ ಶಿಕ್ಷಣ ಸಮವರ್ತಿ ಪಟ್ಟಿಗೆ ಬಂದದ್ದು 1976ರಲ್ಲಿ. ಅಷ್ಟರಲ್ಲಿ ರಾವ್ ಅವರು ಖಾತೆ ಬಿಟ್ಟು, ದೇಸಾಯಿ ಅವರು ಲೋಕಸಭೆ ಬಿಟ್ಟು ಐದು ವರ್ಷ ಕಳೆದಿದ್ದವು.

ರಾಜ್ಯ ಸರ್ಕಾರದ ಕೈಯೂ ಬಿಗಿಯಾಗಿತ್ತು. ಪ್ರಾಥಮಿಕ ಶಾಲೆಗಳನ್ನು ಸರ್ಕಾರ ತೆರೆಯುತ್ತ ಹೋದರೂ ಹೈಸ್ಕೂಲುಗಳನ್ನು ಬಹುಮಟ್ಟಿಗೆ ಖಾಸಗಿ ಸಂಸ್ಥೆಗಳ ಉತ್ಸಾಹಕ್ಕೆ ಬಿಟ್ಟಿತ್ತು. ಉತ್ಸಾಹಿಗಳಿದ್ದ ತಾಲ್ಲೂಕಿಗೆ ಶಾಲೆ ಬಂತು, ಇಲ್ಲದ ತಾಲ್ಲೂಕು ಕಾಯಿತು. ದೇಸಾಯಿ ಅವರಂಥ ಒಬ್ಬರು ಇದ್ದದ್ದು ಅಂಕೋಲೆಯ ಭಾಗ್ಯ. ಆದರೆ ಮಗುವಿನ ಓದು ಇಂಥ ಭಾಗ್ಯವನ್ನು ಅವಲಂಬಿಸಬೇಕಾಗಿ ಬಂದದ್ದು ಆಡಳಿತದ ವೈಫಲ್ಯವೆಂಬುದನ್ನು ಮರೆಯಲಾಗದು.

1971ರ ಮಧ್ಯಂತರ ಚುನಾವಣೆಯ ನಂತರ ಕೆನರಾ ಕ್ಷೇತ್ರವನ್ನು ಕಾಂಗ್ರೆಸ್ಸಿನ ಬಿ.ವಿ. ನಾಯ್ಕ ಅವರು ಪ್ರತಿನಿಧಿಸಿದರು. ದೇಸಾಯಿ ಅವರಿಗೆ ಸಂಸತ್ ಸದಸ್ಯತ್ವ ಬದುಕಿನ ಒಂದು ಘಟ್ಟ ಮಾತ್ರ. ಅದು ಮುಗಿದ ಮೇಲೆ ಶಾಲೆಗಳ ಕೆಲಸ, ಬರವಣಿಗೆ ಎಂದಿನಂತೆ ಸಾಗಿದವು.

ಚೌಪದಿಯ ಕವಿ

ಸಾಹಿತ್ಯದಲ್ಲಿ ದೇಸಾಯಿ ಅವರ ಸ್ಥಾನ ಭದ್ರ. 1950ರಲ್ಲಿ ಬಂದ ಕವನ ಸಂಗ್ರಹ, ದಾಸಾಳ, ಮಕ್ಕಳ ಗೀತೆಗಳು, ದಿನಕರನ ಚೌಪದಿ ಅವರ ಕೃತಿಗಳಲ್ಲಿ ಕೆಲವು. ನಾ ಕಂಡ ಪಡುವಣ ಅವರ ಪ್ರವಾಸಕಥನ. ಜನಸೇವಕ ಎಂಬ ವಾರಪತ್ರಿಕೆಯನ್ನೂ ಅವರು ನಡೆಸಿದರು. ಆಡುಮಾತಿನ ಸರಳ ಪದಗಳು, ಕಿವಿಗೆ ಹಿಡಿಸುವ ಪ್ರಾಸ, ಕೊನೆಯ ಸಾಲಿನಲ್ಲಿ ಚುಚ್ಚುವ ಮೊನೆ ಅವರ ಚುಟುಕದ ಲಕ್ಷಣ. ಲಂಚ, ಬೂಟಾಟಿಕೆ, ಅಧಿಕಾರದ ಮದ, ದೇವರ ಹೆಸರಿನ ವ್ಯಾಪಾರ ಅವುಗಳ ವಸ್ತು. ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ಅವರ ಚುಟುಕಗಳನ್ನು ಓದುಗರು ಬಾಯಿಪಾಠ ಮಾಡಿಕೊಂಡು ಸಭೆ, ಹರಟೆಗಳಲ್ಲಿ ಹೇಳುತ್ತಿದ್ದರು. ಕನ್ನಡದಲ್ಲಿ ಚುಟುಕವೊಂದು ಪ್ರತ್ಯೇಕ ಪ್ರಕಾರವಾಗಿ ಬೆಳೆಯಲು, ನೂರಾರು ಜನ ಅದನ್ನು ಬರೆಯಲು ಅವರೇ ಪ್ರೇರಣೆ. ಚುಟುಕ ಬ್ರಹ್ಮ ಎಂಬ ಬಿರುದು ಅವರಿಗೆ ಸಂದದ್ದು ಇದರಿಂದಲೇ.

ಗಡಿಯಾರದ ಮೇಲೆ ಅವರು ಬರೆದ ಶಿಶುಗೀತೆ ಪ್ರಾಥಮಿಕ ಶಾಲೆಯ ಪಠ್ಯದ ಮೂಲಕ ತಲೆಮಾರುಗಳಿಗೆ ಪರಿಚಿತ. ಅದನ್ನು ಹಾಡುತ್ತ ಬೆಳೆದ ಎಷ್ಟೋ ಮಂದಿಗೆ ಬರೆದವರು ಶಾಲೆಗಳನ್ನೂ ಕಟ್ಟಿದವರೆಂಬುದು ತಿಳಿದಿಲ್ಲ. ಓದಲು ಬಾರದವನಿಗೂ ಕೇಳಿ ನೆನಪಿಟ್ಟುಕೊಳ್ಳಲು ಸಾಧ್ಯವಾಗುವ ನಾಲ್ಕು ಸಾಲಿನ ಪದ್ಯವನ್ನು ಅವರು ಆರಿಸಿಕೊಂಡದ್ದಕ್ಕೂ ರೈತರ, ನಾವಿಕರ ನಡುವಿನ ಅವರ ಬದುಕಿಗೂ ಸಂಬಂಧವಿದ್ದಂತೆ ತೋರುತ್ತದೆ.

ದೇಸಾಯಿ ಅವರು 1982ರಲ್ಲಿ ನಿಧನರಾದರು. 2009 ಅವರ ಜನ್ಮಶತಮಾನದ ವರ್ಷವಾಗಿತ್ತು.

ಉಳಿದಿರುವ ಬಾಕಿ

ಗೋಖಲೆ ಅವರು 1911ರಲ್ಲಿ ಕೇಳಿದ ಕಾನೂನು ಬರಲು ಸುಮಾರು ಒಂದು ಶತಮಾನವೇ ಹಿಡಿಯಿತು. 2002ರ 86ನೇ ತಿದ್ದುಪಡಿ 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. 1985ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವಾದ ಖಾತೆಗೆ 2020ರಲ್ಲಿ ಮತ್ತೆ ಶಿಕ್ಷಣ ಸಚಿವಾಲಯವೆಂಬ ಹೆಸರು ಬಂತು. ಶೇ 6ರ ಗುರಿಯನ್ನು 1968ರ ನೀತಿಯೂ ಹೇಳಿತ್ತು, 2020ರ ನೀತಿಯೂ ಪುನರುಚ್ಚರಿಸಿತು.

ಉತ್ತರ ಕನ್ನಡದ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ 84 ದಾಟಿತ್ತು. ರಾಜ್ಯದ ಸರಾಸರಿ ಶೇ 75ರ ಆಸುಪಾಸಿನಲ್ಲಿತ್ತು. ಕರಾವಳಿ, ಮಲೆನಾಡಿನ ಹಲವು ಸಂಸ್ಥೆಗಳ, ಸರ್ಕಾರಿ ಶಾಲೆಗಳ, ಸಾವಿರಾರು ಶಿಕ್ಷಕರ ದುಡಿಮೆ ಇದರ ಹಿಂದಿದೆ. ದೇಸಾಯಿ ಅವರ ಟ್ರಸ್ಟಿನ ಶಾಲೆಗಳಲ್ಲಿ ಓದಿದವರು ಶಿಕ್ಷಕರಾಗಿ, ನೌಕರರಾಗಿ, ಲೇಖಕರಾಗಿ ನಾಡಿನೆಲ್ಲೆಡೆ ಹರಡಿದ್ದಾರೆ.

ಎಲ್ಲರನ್ನೂ ಶಾಲೆ ತಲುಪಲಿಲ್ಲ ಎಂಬುದೂ ಅಷ್ಟೇ ನಿಜ. ಅಂಕೋಲಾ ತಾಲ್ಲೂಕಿನ ಇಬ್ಬರು ಹಾಲಕ್ಕಿ ಮಹಿಳೆಯರು ಪದ್ಮಶ್ರೀ ಪುರಸ್ಕೃತರಾಗಿ ದೇಶದ ಗಮನ ಸೆಳೆದರು. ನೂರಾರು ಜನಪದ ಗೀತೆಗಳನ್ನು ನೆನಪಿನಲ್ಲೇ ಕಾಪಾಡಿದ ಸುಕ್ರಿ ಬೊಮ್ಮಗೌಡ, ಗಿಡಮರಗಳ ಬಗ್ಗೆ ಅಪಾರ ತಿಳಿವಳಿಕೆಯಿದ್ದ ತುಳಸಿ ಗೌಡ. ಇಬ್ಬರಿಗೂ ಶಾಲೆಯ ಓದು ದಕ್ಕಿರಲಿಲ್ಲ. ತುಳಸಿ ಗೌಡರು 2024ರಲ್ಲಿ, ಸುಕ್ರಜ್ಜಿ 2025ರಲ್ಲಿ ತೀರಿಕೊಂಡರು. ಅವರು ಹುಡುಗಿಯರಾಗಿದ್ದ ಕಾಲದಲ್ಲಿ 45ನೇ ವಿಧಿಯ ಗಡುವು ಇನ್ನೂ ಆರಂಭವಾಗಿರಲಿಲ್ಲ, ಇಲ್ಲವೆ ಆಗಷ್ಟೇ ಆರಂಭವಾಗಿತ್ತು. ದೇಸಾಯಿ ಅವರು ಶಾಲೆ ಕಟ್ಟಲು ಹೊರಟದ್ದು ಇಂಥ ಮನೆಗಳ ಮಕ್ಕಳಿಗಾಗಿಯೇ.

ಇಂದು ಮಲೆನಾಡು, ಕರಾವಳಿಗಳ ಒಳಹಳ್ಳಿಗಳಲ್ಲಿ ಸಮಸ್ಯೆಯ ಸ್ವರೂಪ ಬದಲಾಗಿದೆ. ಮಕ್ಕಳ ಸಂಖ್ಯೆ ಇಳಿದು ಸಣ್ಣ ಶಾಲೆಗಳು ಮುಚ್ಚುವ ಅಥವಾ ವಿಲೀನಗೊಳ್ಳುವ ಚರ್ಚೆ ನಡೆದಿದೆ. ನಿವೃತ್ತರಾದ ಶಿಕ್ಷಕರ ಜಾಗ ತುಂಬುವುದು ಅನುದಾನಿತ ಸಂಸ್ಥೆಗಳಿಗೆ ದೊಡ್ಡ ಚಿಂತೆಯಾಗಿದೆ. ಹಳ್ಳದಾಚೆಯ ಮಗು ಮಳೆಗಾಲದಲ್ಲಿ ಎಷ್ಟು ದೂರ ನಡೆಯಬೇಕು ಎಂಬ ಪ್ರಶ್ನೆ ಮತ್ತೆ ಏಳುತ್ತಿದೆ. ದಿನಕರ ದೇಸಾಯಿ ಅವರು ಶಾಲೆ ಕಟ್ಟಲು ಹೊರಟಾಗ ಎದುರಿಗಿದ್ದ ಮೊದಲ ಪ್ರಶ್ನೆಯೂ ಇದೇ ಆಗಿತ್ತು.